ಖಾಲಿ ಇಟ್ಟ ಸೋಮವಾರ

"ಗುರುಗಳೇ, ಮನಸ್ಸು ಪೂರ್ತಿ ತಿಳಿಯಾಗುವುದಕ್ಕೆ ಇನ್ನೆಷ್ಟು ದಿನ ಬೇಕು?" ಎಂದು ಮರಿದೇವ ಕೇಳಿದ.

ಗುರುಗಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ತಿಳಿಯಾದ ಮೇಲೆ ಏನು ಮಾಡುತ್ತೀಯೆ?"

"ಹೊನ್ನಕ್ಕನ ಹತ್ತಿರ ಹೋಗಬೇಕು. ಅಮ್ಮ ತೀರಿಕೊಂಡ ದಿನ ಎಲ್ಲರ ಎದುರಿಗೆ ಅಕ್ಕನಿಗೆ ಆಡಬಾರದ ಮಾತು ಆಡಿದೆ. ಒಂಬತ್ತು ವರ್ಷವಾಯಿತು. ತಪ್ಪಾಯಿತು ಎನ್ನಬೇಕು. ಆದರೆ ಒಳಗೆ ಇನ್ನೂ ಸ್ವಲ್ಪ ಸಿಟ್ಟು ಉಳಿದಿದೆ. ಅದನ್ನು ಇಟ್ಟುಕೊಂಡು ಹೋಗಿ ಕಾಲಿಗೆ ಬಿದ್ದರೆ ಅದು ನಾಟಕ. ಅದಕ್ಕೇ ಜಪ ಹೆಚ್ಚಿಸಿದ್ದೇನೆ, ಒಪ್ಪೊತ್ತು ಉಣ್ಣುತ್ತಿದ್ದೇನೆ. ಸಿಟ್ಟು ಪೂರ್ತಿ ಹೋದ ದಿನ ಹೊರಡುತ್ತೇನೆ."

"ಅಕ್ಕ ಹೇಗಿದ್ದಾಳೆ?"

"ಹೋದ ವರ್ಷ ಭಾವ ಕಾಗದ ಬರೆದಿದ್ದರು. ಮಂಡಿ ನೋವಂತೆ, ಒಂದು ಕಿವಿ ಕೇಳಿಸುವುದಿಲ್ಲವಂತೆ. ಮಿಕ್ಕಂತೆ ಚೆನ್ನಾಗಿದ್ದಾಳಂತೆ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು. ಕಾವಿ ಉಡುವ ಮೊದಲು ಅವರು ಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ರೇಡಿಯೋ, ಟೇಪು, ಟಿವಿ ರಿಪೇರಿ ಮಾಡಿದವರು. ಅವರು ಹೇಳುವ ಕತೆಗಳಲ್ಲಿ ರಾಜರೂ ಬರುವುದಿಲ್ಲ, ಋಷಿಗಳೂ ಬರುವುದಿಲ್ಲ. ವೈರು ಬರುತ್ತದೆ. ಆ ದಿನ ಅವರು ಹೇಳಿದ್ದು ಈ ಕತೆ.

ನಮ್ಮ ಪೇಟೆಯಲ್ಲಿ ಒಂದು ಕಂಚುಗಾರರ ಮನೆ. ಅಣ್ಣ, ತಮ್ಮ, ಇಬ್ಬರು. ಅಣ್ಣ ಅಂಗಡಿಯಲ್ಲಿ ಕೂತು ಪಾತ್ರೆ ಮಾರುತ್ತಿದ್ದ. ತಮ್ಮ ಹಿತ್ತಿಲ ಚಪ್ಪರದಲ್ಲಿ ಕೂತು ಪಾತ್ರೆ ಬಡಿಯುತ್ತಿದ್ದ. ಹೆಸರು ಕೇಳಬೇಡ. ಹೆಸರು ಹೇಳಿದರೆ ಮಕ್ಕಳೆಷ್ಟು, ಬೀಗರು ಯಾರು ಅಂತ ನಿನ್ನ ಪ್ರಶ್ನೆ ಶುರುವಾಗುತ್ತದೆ. ಅಣ್ಣ, ತಮ್ಮ. ಅಷ್ಟು ಸಾಕು.

ಅವರ ಅಪ್ಪ ಭಜನೆಯ ಮನುಷ್ಯ. ಪ್ರತಿ ಸೋಮವಾರ ಸಂಜೆ ಏಳು ಗಂಟೆಗೆ ನಡುಮನೆಯಲ್ಲಿ ಭಜನೆ. ಅಪ್ಪ ಹಾರ್ಮೋನಿಯಂ ಬಾರಿಸುತ್ತ ಹಾಡುತ್ತಿದ್ದ, ಅಮ್ಮ ದನಿಗೂಡಿಸುತ್ತಿದ್ದಳು. ಅಪ್ಪನೇ ಎರಕ ಹೊಯ್ದು ಮಾಡಿದ ಕಂಚಿನ ತಾಳ ಒಂದು ಜೊತೆ ಇತ್ತು. ಹುಡುಗರಿಬ್ಬರಿಗೂ ಅದು ಬೇಕು. ದಿನಾ ಜಗಳ, ದಿನಾ ಅಳು. ಕಂಚುಗಾರ ತಾನೇ, ಇನ್ನೊಂದು ಜೊತೆ ಮಾಡಬಹುದಿತ್ತು. ಮಾಡಲಿಲ್ಲ. ದೊಡ್ಡವನ ಕೈಗೆ ಒಂದು ತಾಳ ಕೊಟ್ಟ, ಚಿಕ್ಕವನ ಕೈಗೆ ಒಂದು ಕೊಟ್ಟ. ಒಂಟಿ ತಾಳ ಇಟ್ಟುಕೊಂಡು ಏನು ಮಾಡುತ್ತೀಯೆ? ಇಬ್ಬರೂ ಎದುರುಬದುರು ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ಬಾರಿಸಬೇಕಾಯಿತು. ಜಗಳ ಅಲ್ಲಿಗೆ ಮುಗಿಯಿತು.

ಆ ಅಪ್ಪ ಒಂದು ಟೇಪ್ ರೆಕಾರ್ಡರ್ ತಂದು ಸೋಮವಾರದ ಭಜನೆಗಳನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿದಿಟ್ಟ. ಒಟ್ಟು ನಲವತ್ತು ಕ್ಯಾಸೆಟ್ಟು.

ಕಾಲ ಕಳೆಯಿತು. ಅಪ್ಪ ಹೋದ, ಅಮ್ಮ ಹೋದಳು. ಮನೆ ಪಾಲಾಯಿತು. ಯಾಕೆ ಪಾಲಾಯಿತು ಅಂದರೆ ಏನು ಹೇಳಲಿ, ಎಲ್ಲ ಮನೆಗಳೂ ಯಾಕೆ ಪಾಲಾಗುತ್ತವೋ ಅದಕ್ಕೇ. ಒಲೆ ಎರಡಾದವು. ನಡುಮನೆಯ ಮಧ್ಯೆ ಗೋಡೆ ಎದ್ದಿತು. ಪಾಲಿನ ಪದ್ಧತಿ ನಿನಗೆ ಗೊತ್ತಲ್ಲ. ಹಿರಿಯವನು ಭಾಗ ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಯಾವುದು ತನಗೆ ಉಳಿಯುತ್ತದೆಂದು ಹಿರಿಯವನಿಗೆ ಗೊತ್ತಿರುವುದಿಲ್ಲ, ಹಾಗಾಗಿ ಮೋಸ ಮಾಡಲಾರ. ಅಣ್ಣ ಸಾಮಾನೆಲ್ಲ ಎರಡು ರಾಶಿ ಮಾಡಿದ. ಟೇಪ್ ರೆಕಾರ್ಡರನ್ನು ಒಂದು ರಾಶಿಯಲ್ಲಿಟ್ಟ. ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಇನ್ನೊಂದು ರಾಶಿಯಲ್ಲಿಟ್ಟ.

ತಮ್ಮ ರಾಶಿ ನೋಡಿದ, ಅಣ್ಣನ ಮುಖ ನೋಡಿದ. ಕ್ಯಾಸೆಟ್ಟಿದ್ದ ರಾಶಿಯನ್ನು ಎತ್ತಿಕೊಂಡು ಹೋದ. ಸೇರಿದ್ದ ಹಿರಿಯರು, "ಥೂ, ಎಂಥ ಹಟಮಾರಿ ಅಣ್ಣ! ಅಪ್ಪ ಅಮ್ಮನ ದನಿಯನ್ನೂ ಬಿಡಲಿಲ್ಲವಲ್ಲ" ಎಂದು ಮೇಲೆದ್ದರು. ತಾಳ ಮಾತ್ರ ರಾಶಿಗೆ ಬರಲಿಲ್ಲ. ಅವನದು ಅವನ ಹತ್ತಿರ, ಇವನದು ಇವನ ಹತ್ತಿರ, ಚಿಕ್ಕಂದಿನಿಂದ ಹಾಗೇ ಇತ್ತು.

"ಹಟಕ್ಕೇ ಹಾಗೆ ಮಾಡಿದನೇ, ಗುರುಗಳೇ?" ಎಂದ ಮರಿದೇವ.

"ತಡಿಯಪ್ಪ, ಬಂದೆ. ಅವಸರಕ್ಕೆ ಹುಟ್ಟಿದವನ ಹಾಗೆ ಆಡಬೇಡ" ಎಂದು ಗುರುಗಳು ಮುಂದುವರಿಸಿದರು.

ಪಾಲಾದ ಮರುವರ್ಷ ಅಣ್ಣ ನನ್ನನ್ನು ಕರೆಸಿದ. ಆಗ ನನಗೆ ಕಾವಿ ಇರಲಿಲ್ಲ, ಜೇಬಿನಲ್ಲಿ ಟೆಸ್ಟರ್ ಇತ್ತು. ಟೇಪ್ ರೆಕಾರ್ಡರಿನ ಹೆಡ್ ಒರೆಸಿ, ಬೆಲ್ಟ್ ಬದಲಾಯಿಸು ಅಂದ. ಮಾಡಿದೆ. ಹಾಕಿ ನೋಡಲು ಕ್ಯಾಸೆಟ್ ಕೊಡಿ ಅಂದರೆ, ಮನೆಯಲ್ಲಿ ಒಂದೂ ಇಲ್ಲ. ನನ್ನ ಚೀಲದ ಕ್ಯಾಸೆಟ್ ಹಾಕಿ ತೋರಿಸಿದೆ. ಮರುವರ್ಷ ಮತ್ತೆ ಕರೆಸಿದ. ಮತ್ತೆ ಹೆಡ್ ಒರೆಸಿದೆ. ಅದರ ಮರುವರ್ಷವೂ ಅಷ್ಟೇ. ಕ್ಯಾಸೆಟ್ಟಿಲ್ಲದ ಮನೆಯ ಟೇಪು, ಪೇಟೆಯಲ್ಲಿ ಅದರಷ್ಟು ಚೊಕ್ಕಟವಾದ ಟೇಪು ಇನ್ನೊಂದಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಪೇಟೆಗೆ ಹೊಸ ಹೊಸ ಯಂತ್ರ ಬಂದವು. ಅಣ್ಣ ಎಲ್ಲವನ್ನೂ ತಂದ. ಸಾವಿರಾರು ಹಾಡು ಹಿಡಿಸುವ ಹಾರ್ಡ್ ಡಿಸ್ಕ್ ತಂದ. ಗೋಡೆಯಗಲದ ಟಿವಿ ತಂದ. ನಡುಮನೆ, ಅಡುಗೆಮನೆ, ಎರಡು ಕೋಣೆ, ಜಗಲಿ, ಐದು ಕಡೆ ಸ್ಪೀಕರ್ ಹಾಕಿಸಿದ. ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ. ಫೋನಿನಲ್ಲಿ ಬೆರಳಿಟ್ಟರೆ ಐದು ಕಡೆಯೂ ಒಂದೇ ಹಾಡು. ಅದನ್ನೆಲ್ಲ ಜೋಡಿಸಿದವನು ನಾನೇ. ಹಳೇ ಟೇಪ್ ರೆಕಾರ್ಡರನ್ನೂ ಅದಕ್ಕೇ ಸೇರಿಸು ಅಂದ. ನಾನು ನಕ್ಕೆ. ಅವನು ನಗಲಿಲ್ಲ. ಸೇರಿಸಿದೆ.

ಹಾಡುಗಳನ್ನೆಲ್ಲ ವಿಂಗಡಿಸಿ ಒಂದೊಂದು ಫೋಲ್ಡರಿಗೆ ಹಾಕಿಕೊಟ್ಟೆ. ಇನ್ನೊಂದು ಫೋಲ್ಡರ್ ಮಾಡಿ 'ಸೋಮವಾರ' ಎಂದು ಬರೆ ಅಂದ. ಬರೆದೆ. ಏನು ಹಾಕಲಿ ಅಂದೆ. "ಏನೂ ಬೇಡ, ಖಾಲಿ ಇರಲಿ" ಅಂದ. ಆಮೇಲೆ ಡಿಸ್ಕ್ ಮೂರು ಸಲ ಬದಲಾಯಿತು. ಮೂರು ಸಲವೂ ಆ ಖಾಲಿ ಫೋಲ್ಡರನ್ನು ಹುಷಾರಾಗಿ ಹೊಸ ಡಿಸ್ಕಿಗೆ ಸಾಗಿಸಿದ್ದೇನೆ. ಏನೂ ಇಲ್ಲದ್ದನ್ನು ಸಾಗಿಸುವುದಕ್ಕೆ ಅವನು ಪಕ್ಕದಲ್ಲೇ ಕೂತು ಕಾವಲು ಕಾಯುತ್ತಿದ್ದ.

ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ. "ಇದೇನು ಆಚಾರ್ರೇ, ಖಾಲಿ ಡಬ್ಬಿಗೆ ಇಷ್ಟು ಉಪಚಾರ?" ಅಂದೆ.

ಆಗ ಬಾಯಿಬಿಟ್ಟ. "ಅಪ್ಪ ನಮಗೆ ತಾಳ ಕೊಟ್ಟ ಹಾಗೆ ನಾನು ಪಾಲು ಮಾಡಿದೆ ಕಣಯ್ಯ. ಯಂತ್ರ ಒಬ್ಬನಿಗೆ, ಕ್ಯಾಸೆಟ್ ಒಬ್ಬನಿಗೆ. ಬೇರೆ ಬೇರೆ ಒಲೆಯಾದರೂ ಸೋಮವಾರ ಒಂದು ದಿನ ಯಾರಾದರೂ ಒಬ್ಬರು ಬಾಗಿಲು ತಟ್ಟಲೇಬೇಕಲ್ಲ ಅಂದುಕೊಂಡೆ. ನನ್ನ ತಮ್ಮನ ಜೊತೆ ಒಂದು ಸಲ ಕೂತು ಅಪ್ಪನ ಭಜನೆ ಕೇಳಬೇಕು. ನನಗೆ ಬೇರೇನೂ ಬೇಡ."

"ಹಾಗಾದರೆ ಹೋಗಿ ತಟ್ಟಿ. ಆಚೆ ಬಾಗಿಲು, ಹತ್ತು ಹೆಜ್ಜೆ."

"ತಟ್ಟುತ್ತೇನೆ. ಇದೊಂದು ಸರಿಯಾಗಲಿ. ಅವನು ಬಂದು ಕೂತ ದಿನ ಯಂತ್ರ ಗೊರಗೊರ ಅಂದರೆ ಹೇಗೆ? ಅಪ್ಪ ಎದುರಿಗೇ ಕೂತು ಹಾಡಿದ ಹಾಗೆ ಇರಬೇಕು. ನೀನು ಮಾತ್ರ ಆ ಕಡೆ ಏನೂ ಹೇಳಕೂಡದು. ಆಣೆ."

ಆಣೆ ಮಾಡಿದೆ. ನನಗೇನು, ನನ್ನ ಕೆಲಸ ತಂತಿ ಎಳೆಯುವುದು.

ಇನ್ನು ಅವನು ಸರಿಮಾಡಿಸಿದ್ದನ್ನು ಕೇಳು. ನಡುಮನೆಯಲ್ಲಿ ಹಾಡು ಬಂದ ಮೇಲೆ ಅಡುಗೆಮನೆಯಲ್ಲಿ ಒಂದು ಎಳೆ ತಡವಾಗಿ ಬರುತ್ತಿತ್ತು. ಯಾರಿಗೂ ಗೊತ್ತಾಗದಷ್ಟು. ಅವನಿಗೆ ಗೊತ್ತಾಯಿತು. ತಾಳದಲ್ಲಿ ಬೆಳೆದ ಕಿವಿ, ಅರ್ಧ ಎಳೆ ತಪ್ಪಿದರೂ ಮುಖ ಕಿವುಚಿಕೊಳ್ಳುತ್ತಿದ್ದ. ಕಲ್ಲಿನ ಗೋಡೆ, ವೈಫೈ ದಾಟುವಾಗ ಸೊರಗುತ್ತದೆ ಎಂದೆ. ಹಾಗಾದರೆ ತಂತಿ ಎಳೆ ಅಂದ. ಗೋಡೆ ಕೊರೆದು ಐದು ಕಡೆಗೂ ತಂತಿ ಎಳೆದೆ. ತಡ ಹೋಯಿತು. ಆಮೇಲೆ ರೂಟರ್ ಬದಲಾಯಿಸು ಅಂದ. ಆಮೇಲೆ ಸ್ಪೀಕರ್ ಒಂದು ಗೇಣು ಮೇಲೆತ್ತು ಅಂದ. ಪ್ರತಿಸಲವೂ ಅದೇ ಮಾತು, "ಇದೊಂದು ಸರಿಯಾಗಲಿ." ಹೀಗೆ ಹದಿನೆಂಟು ವರ್ಷ.

ಸರಿಯಾಗಿದೆಯೋ ಇಲ್ಲವೋ ನೋಡಲು ದಿನಾ ಸಂಜೆ ಏಳು ಗಂಟೆಗೆ ಯಾವುದಾದರೂ ಒಂದು ಭಜನೆ ಹಾಕುತ್ತಿದ್ದ. ನಡುಮನೆಯಲ್ಲಿ ಒಬ್ಬನೇ ಕೂತು ಕೇಳುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿರುತ್ತಿದ್ದ. ಖಾಲಿ ಮಣೆ.

ಕೊನೆಗೆ ಒಂದು ದಿನ, ದನಿ ಗೋಡೆಗೆ ಬಡಿದು ವಾಪಸ್ಸು ಬರುತ್ತಿದೆ ಅಂದ. ನಿಜ, ಬರುತ್ತಿತ್ತು. ಯಾವ ಗೋಡೆ? ಪಾಲಾದಾಗ ಎಬ್ಬಿಸಿದ ಗೋಡೆ. ಅದಕ್ಕೆ ಹತ್ತಿ ತುಂಬಿದ ಹಲಗೆ ಹೊಡೆದರೆ ದನಿಯನ್ನು ಹೀರಿಕೊಳ್ಳುತ್ತದೆ ಎಂದು ನಾನೇ ಉಪಾಯ ಹೇಳಿದೆ. ನೆಲದಿಂದ ಸೂರಿನವರೆಗೆ ನಾನೇ ಹೊಡೆದೆ. ಹೊಡೆದ ಮೇಲೆ ಹಾಡು ಹಾಕಿದೆವು. ಆಹಾ, ಏನು ಹೇಳಲಿ! ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಅಣ್ಣ ನನ್ನ ಬೆನ್ನು ತಟ್ಟಿದ. ಇನ್ನು ಅವನನ್ನು ಕರೆಯಬಹುದು ಅಂದ. ನನಗೂ ಹಿಗ್ಗಾಯಿತು.

ಎರಡು ದಿನ ಕಳೆದ ಮೇಲೆ ತಮ್ಮ ನನ್ನ ಅಂಗಡಿಗೆ ಬಂದ. ಹದಿನೆಂಟು ವರ್ಷದಲ್ಲಿ ಅವನು ಬಂದಿದ್ದು ಅದೇ ಮೊದಲು. "ಮನೆಗೆ ಬಾ, ಒಂದು ನೋಡಬೇಕು" ಅಂದ. ಹೋದೆ.

ಅವನ ಕಡೆಯ ಅರ್ಧ ನಡುಮನೆಯಲ್ಲಿ ಯಂತ್ರ ಇಲ್ಲ, ಟಿವಿ ಇಲ್ಲ. ಗೋಡೆಗೆ ಆನಿಸಿ ಒಂದು ಮಣೆ ಇತ್ತು. ಆ ಮಣೆಯ ಮೇಲೆ ಕೂತರೆ ತಲೆ ಒರಗುವ ಜಾಗದಲ್ಲಿ ಸುಣ್ಣ ಸವೆದು ನುಣ್ಣಗಾಗಿತ್ತು. ಪಕ್ಕದಲ್ಲಿ ಕ್ಯಾಸೆಟ್ಟಿನ ಪೆಟ್ಟಿಗೆ, ಅದರ ಮೇಲೊಂದು ಪೆನ್ಸಿಲ್. ಸುಮ್ಮನೆ ಇಟ್ಟರೆ ಟೇಪು ಒಂದಕ್ಕೊಂದು ಅಂಟಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರಂತೆ. ಪ್ರತಿ ಸೋಮವಾರ ಒಂದೊಂದೇ ಕ್ಯಾಸೆಟ್ ತೆಗೆದು ಪೆನ್ಸಿಲ್ ತೂರಿಸಿ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಕೈಯಲ್ಲೇ ಸುತ್ತುತ್ತಿದ್ದ. ಅಪ್ಪನ ದನಿಯನ್ನು ಕೇಳದೇ ಹದಿನೆಂಟು ವರ್ಷ ಸುತ್ತಿದ್ದಾನೆ, ನೋಡು.

"ಒಂದು ಟೇಪ್ ರೆಕಾರ್ಡರ್ ಕೊಂಡುಕೊಳ್ಳಬಾರದಿತ್ತೇ?" ಅಂದೆ.

"ಕೊಳ್ಳಬಹುದಿತ್ತು. ಅಣ್ಣ ಇಲ್ಲದೆ ಕೇಳಿ ಏನು ಮಾಡಲಿ?" ಅಂದ. ಆಮೇಲೆ ಗೋಡೆ ತೋರಿಸಿದ. "ಈಗ ಹೇಳು. ಇದಕ್ಕೆ ಆ ಕಡೆಯಿಂದ ಏನು ಹೊಡೆದಿದ್ದೀರಿ?"

ಹತ್ತಿ ಅಂದೆ.

"ದಿನಾ ಏಳು ಗಂಟೆಗೆ ಹಾಕುತ್ತಿದ್ದ. ಪಾತ್ರೆ ಬಡಿದು ಬಡಿದು ನನ್ನ ಕಿವಿ ಮಂದವಾಗಿದೆ, ಗೋಡೆಗೆ ಕಿವಿ ಕೊಟ್ಟರೆ ಕೇಳಿಸುತ್ತಿತ್ತು. ನನಗಾಗಿಯೇ ಹಾಕುತ್ತಿದ್ದಾನೆ ಅಂದುಕೊಂಡಿದ್ದೆ. ಸೌಟು ಚಮಚವನ್ನೂ ಬಿಡದೆ ಎಲ್ಲ ಪಾಲು ಮಾಡಿದರೂ ಇದೊಂದನ್ನು ನನಗೆ ಬಿಟ್ಟಿದ್ದಾನೆ ಅಂದುಕೊಂಡಿದ್ದೆ. ಅದಕ್ಕೂ ಅಡ್ಡ ಹಾಕಿಸಿದನಲ್ಲ. ಹೋಗಲಿ ಬಿಡು. ಇದನ್ನು ಅವನಿಗೆ ಹೇಳಬೇಡ. ಆಣೆ ಮಾಡು."

ಮಾಡಿದೆ. ಇಬ್ಬರಿಗೂ ಆಣೆ ಮಾಡಿದೆ, ಇಬ್ಬರ ಮಾತನ್ನೂ ಉಳಿಸಿಕೊಂಡೆ. ದೊಡ್ಡ ನಿಯತ್ತಿನ ಮನುಷ್ಯ ನಾನು! ಎರಡು ಮಾತು ಆಚೆಯಿಂದ ಈಚೆಗೆ ಸಾಗಿಸಿದ್ದರೆ ಮುಗಿಯುತ್ತಿತ್ತು. ಇವತ್ತಿಗೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಣ್ಣ ಕರೆಯಲು ಒಳ್ಳೆಯ ದಿನ ನೋಡುತ್ತಿದ್ದ. ಅಷ್ಟರಲ್ಲಿ ತಮ್ಮ ತನ್ನ ಭಾಗದ ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೊರಟ. ಹೊರಡುವ ದಿನ ಪೆಟ್ಟಿಗೆ ತಂದು ನನ್ನ ಅಂಗಡಿಯಲ್ಲಿಟ್ಟ. "ಇದು ಅಣ್ಣನಿಗೆ. ಕೇಳಲಿ" ಅಂದ.

ಪೆಟ್ಟಿಗೆ ಕೊಂಡುಹೋಗಿ ಅಣ್ಣನ ಮುಂದಿಟ್ಟೆ. ಮೊದಲು ಹಿಗ್ಗಿದ. ಒಂದೊಂದೇ ಕ್ಯಾಸೆಟ್ ಎತ್ತಿ ಕಣ್ಣಿಗೆ ಒತ್ತಿಕೊಂಡ. ತಳ ಮುಟ್ಟಿದ. ತಳದಲ್ಲಿ ಬಟ್ಟೆ ಸುತ್ತಿದ ಒಂಟಿ ತಾಳ ಇತ್ತು. ತಮ್ಮ ತನ್ನ ತಾಳವನ್ನು ವಾಪಸ್ಸು ಕಳಿಸಿದ್ದ.

ಅದನ್ನು ನೋಡಿ ಅಣ್ಣ ಹೋ ಎಂದು ಅತ್ತ. ಮುಚ್ಚಿಟ್ಟುಕೊಂಡು ಅಳಲಿಲ್ಲ, ಬೀದಿಗೆ ಕೇಳುವ ಹಾಗೆ ಅತ್ತ. ಅಂದು ನಾನು ಎರಡು ಆಣೆಯನ್ನೂ ಮುರಿದೆ. ಗೋಡೆ, ಮಣೆ, ಸವೆದ ಸುಣ್ಣ, ಪೆನ್ಸಿಲ್, ಎಲ್ಲ ಹೇಳಿದೆ. ಅವನು ಎದ್ದು ಆ ಹತ್ತಿಯ ಹಲಗೆಗಳನ್ನು ಕೈಯಲ್ಲೇ ಕಿತ್ತು ಬಿಸಾಡಿದ. ಬೆರಳಲ್ಲಿ ರಕ್ತ ಬಂತು.

"ನಡೀರಿ, ಈಗಲೇ ಹೋಗೋಣ. ಮೂರು ಗಂಟೆಯ ದಾರಿ" ಅಂದೆ.

ಮೆಟ್ಟು ಹಾಕಿಕೊಂಡ. ಬಾಗಿಲವರೆಗೆ ಬಂದ. ಅಲ್ಲಿ ನಿಂತ. "ಬರಿಗೈಯಲ್ಲಿ ಹೇಗೆ ಹೋಗಲಿ? ಹದಿನೆಂಟು ವರ್ಷ ಕಾಯಿಸಿದ್ದೇನೆ. ಅಪ್ಪನ ದನಿಯನ್ನೇ ಕೊಂಡುಹೋಗುತ್ತೇನೆ. ಇದೊಂದು ಸರಿಮಾಡಿಕೊಡು" ಅಂದ.

ನೋಡಿದೆಯಾ? ಮತ್ತೆ ಇದೊಂದು.

ನಲವತ್ತು ಕ್ಯಾಸೆಟ್. ಒಂದೊಂದನ್ನೂ ಹಳೇ ಟೇಪಿನಲ್ಲಿ ಓಡಿಸಿ ಡಿಸ್ಕಿಗೆ ಇಳಿಸಬೇಕು. ಗೊರಗೊರ ತೆಗೆಯಬೇಕು. ಟೇಪು ಹಿಗ್ಗಿ ದನಿ ಎಳೆದಲ್ಲಿ ಸರಿಮಾಡಬೇಕು. ಒಂದರಲ್ಲಿ ಹಾಡಿನ ನಡುವೆ ಒಂದು ಮಗುವಿನ ದನಿ, "ಅಣ್ಣಾ, ಸರಿಯಾಗಿ ಕೂತ್ಕೋ, ನಿನ್ನ ಮಂಡಿ ಚುಚ್ಚುತ್ತೆ" ಅಂತ. ಇದನ್ನು ತೆಗೆಯಲೇ ಅಂದೆ. "ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ" ಅಂದ. ತಮ್ಮ ಮಗಳ ಮನೆಯಲ್ಲಿ ಕೂತೇ ಕೇಳುವ ಹಾಗೆ ಒಂದು ಸಣ್ಣ ಪೆಟ್ಟಿಗೆ ಬೇಕು ಅಂದ. ಇಲ್ಲಿಯ ಫೋಲ್ಡರ್ ಅಲ್ಲಿ ತೆರೆಯಬೇಕು, ಸೋಮವಾರ ಏಳಕ್ಕೆ ಎರಡು ಊರಿನಲ್ಲೂ ಒಟ್ಟಿಗೆ ಭಜನೆ ಬರಬೇಕು, ಅರ್ಧ ಎಳೆಯೂ ತಪ್ಪಬಾರದು. ಅದನ್ನೂ ಮಾಡಿದೆ. ಎಂಟು ತಿಂಗಳು ಹಿಡಿಯಿತು. ಖಾಲಿ ಇದ್ದ 'ಸೋಮವಾರ' ತುಂಬಿತು. ನನ್ನ ಆಯುಸ್ಸಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮಾಡಿಲ್ಲ.

"ಇನ್ನೇನು ಉಳಿದಿದೆ?" ಅಂತ ಅಣ್ಣ ಕೇಳಿದ. ಏನೂ ಇಲ್ಲ ಅಂದೆ. ಒಂದು ಸೋಮವಾರ ಬೆಳಿಗ್ಗೆ ಹೊರಟೆವು.

ತಮ್ಮ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ. ಅಣ್ಣನನ್ನು ನೋಡಿ ಎದ್ದ. ಎದ್ದವನ ಕಣ್ಣಲ್ಲಿ ನೀರು ಧಾರೆಧಾರೆ. ಅಣ್ಣ ಏನೋ ಅಂದ. ತಮ್ಮ ಅವನ ಬಾಯನ್ನೇ ನೋಡಿದ. ಮಗಳು ಒಳಗಿನಿಂದ ಬಂದಳು. "ಉಗಾದಿಯಿಂದ ಈಚೆಗೆ ಅಪ್ಪನಿಗೆ ಏನೂ ಕೇಳಿಸುವುದಿಲ್ಲ, ದೊಡ್ಡಪ್ಪ. ಕಿವಿಗೆ ಮಿಷನ್ ಹಾಕಿಸಿದೆವು, ಪ್ರಯೋಜನ ಆಗಲಿಲ್ಲ. ಅದಕ್ಕೆ ಮುಂಚೆ ಸ್ವಲ್ಪ ಸ್ವಲ್ಪ ಕೇಳಿಸುತ್ತಿತ್ತು" ಅಂದಳು.

ನಾನು ಲೆಕ್ಕ ಹಾಕಿದೆ. ಉಗಾದಿ ಆಗಿ ಎರಡು ತಿಂಗಳು. ನಾವು ಅಲ್ಲಿಗೆ ಹೊರಟು ಬಾಗಿಲಲ್ಲಿ ನಿಂತು ಎಂಟು ತಿಂಗಳು.

ಗುರುಗಳು ಮೊರದ ಕಡೆ ನೋಡಿದರು. ಒಂದು ಕಲ್ಲು ಆರಿಸಿ ಎಸೆದರು. ಮತ್ತೆ ಹೇಳಿದರು.

ಬೇಡ ಅಂದರೂ ಅಣ್ಣ ಕೇಳಲಿಲ್ಲ. ಯಂತ್ರ ಜೋಡಿಸು ಅಂದ. ಜೋಡಿಸಿದೆ. ಏಳು ಗಂಟೆಗೆ ಸರಿಯಾಗಿ ಹಾರ್ಮೋನಿಯಂ ಎದ್ದಿತು, ಅಪ್ಪ ಅಮ್ಮನ ದನಿ ಎದ್ದಿತು. ಅಪ್ಪನೇ ಬಂದು ಕೂತ ಹಾಗಿತ್ತು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜನ ದನಿಯನ್ನು ಅವಳು ಅಂದೇ ಮೊದಲು ಕೇಳಿದ್ದು. ತಮ್ಮ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ.

"ಅಪ್ಪ ಬಂದರಾ?" ಅಂದ.

ಅಣ್ಣ ತಲೆಯಾಡಿಸಿದ.

"ಗೋಡೆಗೆ ಹತ್ತಿ ಯಾಕೆ ಹೊಡೆಸಿದೆ, ಅಣ್ಣಾ?"

ಅಣ್ಣ ಹೇಳಿದ. ರಾಶಿ ಯಾಕೆ ಹಾಗೆ ಮಾಡಿದೆ, ಮಣೆ ಯಾಕೆ ಎರಡು ಹಾಕುತ್ತಿದ್ದೆ, ಹತ್ತಿ ಯಾಕೆ ಹೊಡೆಸಿದೆ, ಎಲ್ಲವನ್ನೂ ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ಹೇಳಿದ. ಹದಿನೆಂಟು ವರ್ಷ ಇಟ್ಟುಕೊಂಡಿದ್ದ ಮಾತು. ಆ ಬೀದಿಯ ಎಂಟು ಮನೆಗೂ ಕೇಳಿಸಿತು. ಅವನೊಬ್ಬನಿಗೆ ಕೇಳಿಸಲಿಲ್ಲ. ಆಮೇಲೆ ಮಗಳು ಒಂದು ಹಾಳೆಯಲ್ಲಿ ಬರೆದು ತೋರಿಸಿದಳು. ಓದಿದ. ಎರಡು ಸಲ ಓದಿದ. ಮಡಿಸಿ ಜೇಬಿಗೆ ಹಾಕಿಕೊಂಡ. "ನಿನ್ನ ಬಾಯಲ್ಲಿ ಕೇಳಬೇಕಾಗಿತ್ತು" ಅಂದ.

ಅಣ್ಣ ಚೀಲದಿಂದ ತಾಳ ತೆಗೆದ. ಒಂದನ್ನು ತಮ್ಮನ ಕೈಗೆ ಕೊಟ್ಟ, ಒಂದನ್ನು ತಾನು ಹಿಡಿದ. ಎದುರುಬದುರು ಕೂತರು. ಮಂಡಿಗೆ ಮಂಡಿ ತಾಗಿತು. ತಮ್ಮ ಬಾರಿಸಿದ. ಕೇಳಿಸದವನು ಹೇಗೆ ಬಾರಿಸುತ್ತಾನೆ? ನೆನಪಿನಿಂದ ಬಾರಿಸಿದ. ಯಂತ್ರದ ಭಜನೆ ಒಂದು ದಾರಿ, ಅವನ ತಾಳ ಒಂದು ದಾರಿ. ಅರ್ಧ ಎಳೆ ತಪ್ಪಿದರೆ ಗೋಡೆ ಕೊರೆಸಿದ ಮನುಷ್ಯ, ಆ ಅಣ್ಣ, ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಎಲ್ಲಿ ಬಡಿದನೋ ಅಲ್ಲಿ ತಾನೂ ಕೊಟ್ಟ.

ನಾನು ಎದ್ದು ಹೋಗಿ ಯಂತ್ರ ಆರಿಸಿದೆ. ಇಬ್ಬರಿಗೂ ಗೊತ್ತಾಗಲಿಲ್ಲ. ಊರಿಗೆ ಬಂದವನು ಅಂಗಡಿಯ ಬಾಗಿಲು ಎಳೆದೆ, ಮತ್ತೆ ತೆರೆಯಲಿಲ್ಲ.

ಗುರುಗಳು ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಹುರುಳಿಯಲ್ಲಿ ಬೆರಳಾಡಿಸಿದರು.

ಮರಿದೇವ ಕಣ್ಣು ಒರೆಸಿಕೊಂಡ. "ಕೊನೆಗೂ ಕೂಡಿದರಲ್ಲ, ಗುರುಗಳೇ. ತಡವಾದರೂ ಒಳ್ಳೆಯದಾಯಿತು" ಎಂದ. ಆಮೇಲೆ ಮೆಲ್ಲಗೆ, "ನಾನೂ ಹೋಗುತ್ತೇನೆ. ಈ ಚಾತುರ್ಮಾಸ್ಯ ಒಂದು ಮುಗಿಯಲಿ" ಎಂದ.

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

"ನಿನ್ನ ಅಕ್ಕನಿಗೆ ಕೇಳಿಸುವ ಕಿವಿ ಯಾವುದೋ, ಎಡಗಡೆಯದೋ ಬಲಗಡೆಯದೋ?"

ಮರಿದೇವನಿಗೆ ಗೊತ್ತಿರಲಿಲ್ಲ.